ಸಾಹೇಬರ ಕಣ್ಣು, ನನ್ನ ಬಾಯಿ

ನಮ್ಮ ಮನೆಯ ಅಟ್ಟದ ಮೇಲೆ ಈಗ ಪೇಟಗಳದ್ದೇ ಒಂದು ಸಂತೆ. ಶಾಲುಗಳಂತೂ ಕೇಳಲೇಬೇಡಿ, ಹಾಸಿ ಹೊದ್ದು ಹಂಚಿದರೂ ಮುಗಿಯುವುದಿಲ್ಲ. ನನ್ನ ಯಜಮಾನರು ವಾಯುಪಡೆಯಲ್ಲಿ ಏರ್ ಮಾರ್ಷಲ್ ಆಗಿ, ಇಡೀ ಒಂದು ಕಮಾಂಡಿನ ಮುಖ್ಯಸ್ಥರಾಗಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿಕೊಂಡು ಬಂದೆವು. ಬಂದದ್ದೇ ತಡ, ಪೇಟ ಇಡುವುದಕ್ಕೆ ಜಿಲ್ಲೆಯವರಿಗೆಲ್ಲ ಒಂದು ತಲೆ ಸಿಕ್ಕಂತಾಯಿತು. ಆ ಸಂಘ, ಈ ಟ್ರಸ್ಟು, ಹೈಸ್ಕೂಲಿನ ವಾರ್ಷಿಕೋತ್ಸವ, ಹೊಸದಾಗಿ ತೆರೆದ ಜಿಮ್ಮು, ಎಲ್ಲದಕ್ಕೂ ಇವರೇ. ಇವರೋ, ಬೇಡ ಎನ್ನುವುದನ್ನು ಕಲಿತವರೇ ಅಲ್ಲ.

ಇವರು ಹಿರೇಗುಂಟನೂರು ಕಡೆಯವರು, ನಾನು ಹೊಸದುರ್ಗದವಳು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು. "ಮ್ಯಾಲೆ ಹೋದ್ಮೇಲೆ ತಿರುಗಿ ಕೆಳಗೆ ಬರ್ತೀರೇನಪ್ಪ?" ಇವರು, "ಇವತ್ತಿನವರ್ಗೂ ಬಂದೀನಲ್ರೀ ಮಾವ" ಅಂದರು. ಇನ್ನೂ ಮಾತುಕತೆಯೇ ಆಗಿರಲಿಲ್ಲ, ಆಗಲೇ ಮಾವ ಅಂದುಬಿಟ್ಟಿದ್ದರು. ಅಪ್ಪನಿಗೆ ಅಷ್ಟೇ ಸಾಕಾಯಿತು. ನನ್ನನ್ನು ಕೊಟ್ಟರು. ಅಲ್ಲಿಂದ ಶುರುವಾಯಿತು ನನ್ನ ಡಬ್ಬ ಕಟ್ಟುವ, ಡಬ್ಬ ಬಿಚ್ಚುವ ಜೀವನ. ಒಂದು ಊರಿನಲ್ಲಿ ಕರಿಬೇವಿನ ಗಿಡ ನೆಟ್ಟರೆ ಎಲೆ ಕೀಳುವ ಹೊತ್ತಿಗೆ ವರ್ಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವೇದಿಕೆಯ ಮೇಲೆ ಇದನ್ನು ಯಾರೂ ಹೇಳುವುದಿಲ್ಲ. ನನ್ನ ಯಜಮಾನರು ಯುದ್ಧವಿಮಾನ ಓಡಿಸಿದವರಲ್ಲ. ಅವರದು ಸರಕು ವಿಮಾನ. ಹಿಮದ ಗುಡ್ಡಗಳ ಮೇಲೆ ಕಾವಲಿದ್ದ ಸೈನಿಕರಿಗೆ ಗೋಧಿ ಹಿಟ್ಟು, ಸೀಮೆಎಣ್ಣೆ, ಔಷಧಿ, ಜೀವಂತ ಕೋಳಿ ಸಾಗಿಸುತ್ತಿದ್ದರು. ಮನೆಗೆ ಬಂದರೆ ಸಮವಸ್ತ್ರವೆಲ್ಲ ಕೋಳಿಗೂಡಿನ ವಾಸನೆ. ಬರುವಾಗ ಗಾಯಾಳುಗಳನ್ನು ತರುತ್ತಿದ್ದರು, ಕೆಲವೊಮ್ಮೆ ಹೆಣಗಳನ್ನು. ಅಂಥ ದಿನ ಊಟಕ್ಕೆ ಕೂರದೆ ಸ್ನಾನದ ಮನೆ ಸೇರುತ್ತಿದ್ದರು. ಬೆಟ್ಟದ ಸಂದಿಯಲ್ಲಿ ಅಂಗೈಯಗಲದ ನೆಲದ ಮೇಲೆ ಅಷ್ಟು ದೊಡ್ಡ ವಿಮಾನ ಇಳಿಸುವುದೆಂದರೆ ಹುಡುಗಾಟವಲ್ಲ. ಅದನ್ನು ಮಾಡಿದ್ದಕ್ಕೇ, ಬೇರೆಯವರಿಗೆ ಕಲಿಸಿದ್ದಕ್ಕೇ ಇವರು ಮೇಲೆ ಮೇಲೆ ಹೋದದ್ದು.

ಇಷ್ಟು ನಮ್ಮ ಜನಕ್ಕೆ ಸಾಕೇ? ಸಾಲದು. ಹಿರಿಯೂರಿನ ಸನ್ಮಾನದಲ್ಲಿ ಪರಿಚಯ ಭಾಷಣ ಮಾಡಿದವರು, "ಹದ್ದಿನ ಕಣ್ಣಿನಿಂದ ಶತ್ರು ವಿಮಾನಗಳನ್ನು ಹುಡುಕಿ ಹುಡುಕಿ ಹೊಡೆದುರುಳಿಸಿದ ದುರ್ಗದ ಹುಲಿ" ಎಂದರು. ಇವರು ಎದ್ದು, "ನಾನು ಯಾವ ವಿಮಾನಾನೂ ಹೊಡ್ದಿಲ್ಲಪ್ಪ, ಹಿಟ್ಟಿನ ಮೂಟೆ ಹೊತ್ತೋನು" ಅಂದರು. ಶಿಳ್ಳೆಯೋ ಶಿಳ್ಳೆ, ಚಪ್ಪಾಳೆಯೋ ಚಪ್ಪಾಳೆ! ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈ ಹಿಡಿದು, "ಏನ್ ಸರಳ ಮನುಷ್ಯರಮ್ಮ, ಇಂಥೋರು ಎಲ್ಲವ್ರೆ ಈಗ" ಎಂದು ಕಣ್ಣು ತುಂಬಿಕೊಂಡಳು. ನಿಜ ಹೇಳಿದರೂ ನಂಬದ ಜನಕ್ಕೆ ಏನು ಮಾಡಬೇಕು ಹೇಳಿ.

ಅವತ್ತು ಹಿರಿಯೂರಿನಿಂದ ಹೈವೇಯಲ್ಲಿ ವಾಪಸು ಬರುವಾಗಲೇ ನನ್ನ ಎದೆ ಮೊದಲ ಸಲ ಧಸಕ್ಕೆಂದದ್ದು. ಕಾರು ಇವರೇ ಓಡಿಸುತ್ತಿದ್ದರು. ಸರ್ವೀಸಿನಲ್ಲಿ ಇರುವವರೆಗೂ ಡ್ರೈವರ್ ಬಾಗಿಲು ತೆಗೆಯುತ್ತಿದ್ದ, ಈಗ ಇವರಿಗೆ ಸ್ಟಿಯರಿಂಗ್ ಕಂಡರೆ ಎಲ್ಲಿಲ್ಲದ ಪ್ರೀತಿ. ಮುಂದೆ ಒಂದು ಲಾರಿ ನಿಂತಿದೆ. ನನಗೆ ಕಾಣುತ್ತಿದೆ. ಇವರು ಹೋಗುತ್ತಲೇ ಇದ್ದಾರೆ. "ರೀ ಲಾರಿ! ಲಾರಿ ಕಣ್ರೀ!" ಎಂದು ಕಿರುಚಿದೆ. ಗಕ್ಕನೆ ಪಕ್ಕಕ್ಕೆ ತಿರುಗಿಸಿದರು. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದ ಹೊಡೆತಕ್ಕೆ ನನ್ನ ಪ್ರಾಣ ಹೋಗಿ ಬಂತು. "ಯಾಕಂಗೆ ಬಡ್ಕಂತೀಯ, ನೋಡಿದ್ದೆ ನಾನು" ಅಂದರು. ನೋಡಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಆಮೇಲೆ ಒಂದೊಂದೇ ಗಮನಿಸತೊಡಗಿದೆ. ಪೇಪರ್ ಓದುವಾಗ ಕತ್ತು ಓರೆ ಮಾಡುತ್ತಾರೆ, ಕೋಳಿ ಕಾಳು ನೋಡಿದ ಹಾಗೆ. ನಾಲ್ಕು ಸಾಲು ಓದುವಷ್ಟರಲ್ಲಿ, "ಈ ಪೇಪರ್‌ನೋರು ಈಗ ಇಂಕೇ ಹಾಕಲ್ಲ" ಎಂದು ಬೈದು ಮಡಚಿಡುತ್ತಾರೆ. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಟೇಬಲ್ಲಿಗೆ. ನೇರಕ್ಕೆ ಇಟ್ಟದ್ದು ಕಾಣುವುದಿಲ್ಲ, ಪಕ್ಕದಲ್ಲಿ ಇಟ್ಟರೆ ಕಾಣುತ್ತದೆ. ಎದುರಿಗೆ ಬಂದವರ ಮುಖ ಗುರುತು ಹತ್ತುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು: ಯಾರೇ ಬರಲಿ, ಮೊದಲು ಕೈ ಮುಗಿದುಬಿಡುವುದು. ಊರ ತುಂಬ ಅದೇ ಮಾತು. "ಅಷ್ಟು ದೊಡ್ಡೋರು, ಹಾಲು ಹಾಕೋನಿಗೂ ಅವ್ರೇ ಮುಂದಾಗಿ ಕೈ ಮುಗೀತಾರೆ." ಅಯ್ಯೋ ನನ್ನ ಕರ್ಮವೇ! ಒಂದು ಸಂಜೆ ಬಟ್ಟೆ ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೂ ಕೈ ಮುಗಿದರು. "ಯಾರ್ರೀ ಅದು?" ಎಂದೆ. "ಯಾರೋ ನಿಮ್ಮ ಕಡೆಯೋರಿದ್ದಂಗಿದ್ರು" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಬೀದಿಯಲ್ಲೇ ನಿಂತೆ.

ಹೊಸ ಕನ್ನಡಕ ಬೇಕೆಂದು ನೆಪ ಹೇಳಿ, ನನ್ನದೇ ಕಣ್ಣು ತೋರಿಸಬೇಕೆಂದು ಸುಳ್ಳು ಹೇಳಿ, ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಇವರನ್ನೂ ಕೂರಿಸಿ, "ಅಂಕಲ್, ಬೋರ್ಡ್ ಓದಿ" ಎಂದಳು. ಇವರು ಎದೆ ಸೆಟೆಸಿ ಕೂತು ಗಡಗಡನೆ ಶುರು ಮಾಡಿದರು. ಇ, ಎಫ್, ಪಿ, ಟಿ, ಓ... ಒಂದೂ ತಡವರಿಸದೆ ಕೊನೆಯ ಸಾಲಿನವರೆಗೆ. ನಾನು ಬೋರ್ಡಿನ ಕಡೆ ನೋಡಿದೆ. ಅಲ್ಲಿದ್ದದ್ದು ಕನ್ನಡ ಅಕ್ಷರಗಳು. ಮೊದಲು ಬಂದಿದ್ದ ಅಜ್ಜಿಗೆಂದು ಆ ಹುಡುಗಿ ಕನ್ನಡದ ಬೋರ್ಡು ತೂಗುಹಾಕಿದ್ದಳು, ತೆಗೆದಿರಲಿಲ್ಲ. ಪೈಲಟ್‌ಗಳಿಗೆ ವರ್ಷ ವರ್ಷ ಕಣ್ಣಿನ ಪರೀಕ್ಷೆ, ಆ ಇಂಗ್ಲಿಷ್ ಬೋರ್ಡು ಇವರಿಗೆ ಬಾಯಿಪಾಠ.

ಹುಡುಗಿ ಮಾಲೀಕನನ್ನು ಕೂಗಿ ಕರೆದಳು. ಅಂಗಡಿಯ ಮಾಲೀಕ ಗಲ್ಲಾದಿಂದ ಓಡಿ ಬಂದವನು ಬೋರ್ಡು ನೋಡಿದ, ಇವರ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಹೇಬ್ರು ತಮಾಸೆ ಮಾಡ್ತಾವ್ರೆ ಕಣಮ್ಮ! ವಿಮಾನ ಓಡ್ಸಿದ ಕಣ್ಣಿಗೆ ನೀನು ಬೋರ್ಡ್ ತೋರಿಸ್ತೀಯಾ?" ಎಂದು ಹುಡುಗಿಗೇ ಗದರಿದ. "ತಮಾಷೆ ಅಲ್ಲಪ್ಪ, ಇವರಿಗೆ ನಿಜಕ್ಕೂ ಕಾಣ್ತಾ ಇಲ್ಲ, ನೋಡಿ ಹೇಳಪ್ಪ" ಎಂದೆ. "ಅಮ್ಮೋರೂ ಸೇರ್ಕಂಡ್ರಲ್ಲ!" ಎಂದು ಇನ್ನಷ್ಟು ನಕ್ಕು, ಇವರಿಗೊಂದು ಕೂಲಿಂಗ್ ಗ್ಲಾಸ್ ತೊಡಿಸಿ, ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಅವತ್ತು ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಕಣ್ಣಿಲ್ಲದವರು ಯಾರು ಎಂದು ನನಗೇ ಅನುಮಾನವಾಯಿತು.

ಮನೆಗೆ ಬಂದ ಮೇಲೆ ಜಗಳ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಹಿಂದೊಮ್ಮೆ ಇವರು ಒಂದು ವಾಯುನೆಲೆಯ ಸ್ಟೇಷನ್ ಕಮಾಂಡರ್ ಆಗಿದ್ದಾಗ ಒಬ್ಬ ಎಳೆಯ ಪೈಲಟ್‌ನನ್ನು ಹಾರಾಟದಿಂದ ಕೆಳಗಿಳಿಸಿದ್ದರು. ಅವನಿಗೆ ಒಂದು ಕಣ್ಣು ಮಂಜಾಗುತ್ತಿತ್ತು, ಮುಚ್ಚಿಟ್ಟಿದ್ದ. ಅವನ ಹೆಂಡತಿ ಬಸುರಿ ಹೆಂಗಸು, ನನ್ನ ಅಡುಗೆಮನೆಗೆ ಬಂದು ಕೂತು ಅತ್ತಳು. ನಾನು ಇವರನ್ನು ಬೇಡಿಕೊಂಡೆ. ಆಗ ಇವರೇ ಹೇಳಿದ್ದರು, "ಕಾಣ್ಸಲ್ಲ ಅನ್ನೋದು ಅವನ ತಪ್ಪಲ್ಲ. ಕಾಣ್ಸುತ್ತೆ ಅಂದನಲ್ಲ, ಅದು ತಪ್ಪು." ಆ ಮಾತನ್ನೇ ಎತ್ತಿ ಇವರ ಮುಂದಿಟ್ಟೆ. ಇವರ ಮುಖ ಸಣ್ಣದಾಯಿತು. ಗೆದ್ದೆ ಅಂದುಕೊಂಡೆ. ಇವರು, "ಅದು ವಿಮಾನ. ಇದು ಕಾರು" ಎಂದು ಎದ್ದು ಹೋದರು. ತಲೆ ಚಚ್ಚಿಕೊಳ್ಳುವುದಕ್ಕೆ ಗೋಡೆ ಹುಡುಕಬೇಕಾಯಿತು.

ಹೊಸದುರ್ಗದಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಇವರು ಯಾರ ಮಾತನ್ನಾದರೂ ಕೇಳುವುದಿದ್ದರೆ ಅವನದ್ದೇ. ಎಲ್ಲ ಕೇಳಿಸಿಕೊಂಡು ಅವನೆಂದ, "ಅಕ್ಕಾ, ನಿಂಗೇನು ಮಳ್ಳಾ? ಮೋಡದಾಗೆ ವಿಮಾನ ಇಳ್ಸಿದೋರು ಅವ್ರು. ದುರ್ಗದ ರೋಡು ಅವ್ರಿಗೆ ಯಾವ ಲೆಕ್ಕ? ಸುಮ್ಕೆ ಭಾವನ ಮರ್ವಾದಿ ತೆಗೀಬೇಡ." ಫೋನ್ ಕುಕ್ಕಿದೆ. ಕಾರಿನ ಬೀಗದ ಕೈಯನ್ನು ರಾಗಿ ಹಿಟ್ಟಿನ ಡಬ್ಬದಲ್ಲಿ ಮುಚ್ಚಿಟ್ಟೆ. ಮಾರನೆಯ ದಿನ ನೋಡಿದರೆ ಇವರು ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿ ನಿಂತಿದ್ದಾರೆ, ಇನ್ನೊಂದು ಬೀಗದ ಕೈ ಇವರ ಜೇಬಿನಲ್ಲೇ ಇತ್ತಂತೆ. ನನಗೆ ಭಯ ಇದ್ದದ್ದು ನಮ್ಮಿಬ್ಬರ ಜೀವಕ್ಕಲ್ಲ. ನಾವು ಬಾಳಿ ಬದುಕಿದವರು. ದಾರಿಯಲ್ಲಿ ಹೋಗುವ ಯಾರದೋ ಮನೆಯ ಮಗುವನ್ನು, ಮುದುಕಿಯನ್ನು ಇವರು ಕೊಲ್ಲುತ್ತಾರೆ, ನಾನು ಪಕ್ಕದಲ್ಲಿ ಕೂತು ನೋಡಬೇಕಾಗುತ್ತದೆ. ಅದೊಂದೇ ನನಗೆ ಹಗಲೂ ಇರುಳೂ ಕಣ್ಣಿಗೆ ಕಟ್ಟುತ್ತಿತ್ತು. ಅದಕ್ಕೇ ಇವರು ಎಲ್ಲಿಗೆ ಹೊರಟರೂ ನಾನೂ ಹೊರಡುತ್ತಿದ್ದೆ, ಕಿರುಚುವುದಕ್ಕಾದರೂ ಒಬ್ಬರು ಬೇಡವೇ.

ರಾಮಗಿರಿಯ ಸನ್ಮಾನ ಬಂತು. ಹೊಳಲ್ಕೆರೆ ದಾಟುವವರೆಗೂ, "ಬಲಕ್ಕೆ ಬೈಕು, ಮುಂದೆ ಹಂಪು, ನಿಧಾನ, ಇನ್ನೂ ನಿಧಾನ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಇವರಿಗೆ ರೇಗಿತು. "ಬಾಯಿ ಮುಚ್ಕಂಡು ಕುಂತ್ಕಂತೀಯೋ, ಇಲ್ಲೇ ಇಳಿಸ್ಲೋ?" ನನಗೂ ರೇಗಿತು. ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. ದೂರದಲ್ಲಿ ರಾಮಗಿರಿ ಬೆಟ್ಟ ಕಾಣುತ್ತಿತ್ತು. ನಾನು ಬೆಟ್ಟ ನೋಡುತ್ತಿದ್ದ ಆ ಗಳಿಗೆಯಲ್ಲೇ ಕಾರಿಗೆ ಏನೋ ಧಡ್ ಎಂದು ಬಡಿಯಿತು.

ಕುರಿ ಮಂದೆ. ರಸ್ತೆಯ ಉದ್ದಕ್ಕೂ ಕುರಿಗಳು. ಇಷ್ಟು ಬೆಳಕಿನಲ್ಲಿ, ಇಷ್ಟು ನೇರ ರಸ್ತೆಯಲ್ಲಿ, ಇಡೀ ಒಂದು ಮಂದೆ ಇವರಿಗೆ ಕಂಡಿರಲಿಲ್ಲ. ಒಂದು ಕುರಿ ಕಾರಿನ ಮುಂದೆ ಬಿದ್ದು ಕಾಲು ಬಡಿಯುತ್ತಿತ್ತು. ನಾವು ಇಳಿಯುವಷ್ಟರಲ್ಲಿ ಅದೂ ನಿಂತಿತು.

ಕುರುಬರವನೊಬ್ಬ, ಹೆಗಲ ಮೇಲೆ ಕಂಬಳಿ, ಓಡಿ ಬಂದ. ಬೈಯುತ್ತಾನೆ, ಬೈಯಲಿ ಅಂದುಕೊಂಡೆ. ದೇವರಾಣೆಗೂ ಅವನು ಬೈಯಲಿ ಎಂದೇ ಕಾಯುತ್ತಿದ್ದೆ. ಅಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು, ಹೊಲದಲ್ಲಿದ್ದ ಮೂರು ನಾಲ್ಕು ಮಂದಿ ಸೇರಿದರು. ರಸ್ತೆಯ ಪಕ್ಕದ ಫ್ಲೆಕ್ಸಿನಲ್ಲಿ ಇವರ ಫೋಟೊ ಇತ್ತು, ಸಮವಸ್ತ್ರದಲ್ಲಿ, ಹಿಂದೆ ಯಾವುದೋ ಯುದ್ಧವಿಮಾನ. ಗುರುತು ಹಿಡಿದುಬಿಟ್ಟರು. "ಲೇ, ಯಾರ ಗಾಡಿಗೆ ಅಡ್ಡ ಬಿಟ್ಟಿದೀಯ ಗೊತ್ತೇನ್ಲೇ? ಮಿಲ್ಟ್ರಿ ಸಾಹೇಬ್ರು ಅವ್ರು!" ಎಂದು ಒಬ್ಬ ಆ ಕುರಿ ಕಾಯುವವನನ್ನೇ ತರಾಟೆಗೆ ತೆಗೆದುಕೊಂಡ. ಅವನು ಬೆದರಿ, ಹೆಗಲ ಕಂಬಳಿ ಕೈಗೆ ತೆಗೆದುಕೊಂಡು, "ತಪ್ಪಾತು ಸಾಹೇಬ್ರೆ, ನಾನೇ ಬೇಗ ಹೊಡ್ಕಬೇಕಿತ್ತು" ಎಂದು ಬಗ್ಗಿದ. ಕುರಿ ಸತ್ತದ್ದು ಅವನದು, ತಪ್ಪೊಪ್ಪಿಕೊಂಡವನೂ ಅವನೇ!

ನನಗೆ ತಡೆಯಲಾಗಲಿಲ್ಲ. "ತಪ್ಪು ಅವನದ್ದಲ್ಲ ಕಣ್ರಪ್ಪ! ನಮ್ಮ ಯಜಮಾನ್ರಿಗೆ ಕಣ್ಣು ಕಾಣ್ಸಲ್ಲ!" ಎಂದು ನಡುರಸ್ತೆಯಲ್ಲಿ ನಿಂತು ಕೂಗಿದೆ. ಗಂಡನ ಮಾನವನ್ನು ಹತ್ತು ಜನರ ಮುಂದೆ ಹರಾಜಿಗಿಟ್ಟೆ. ಇನ್ನಾದರೂ ಯಾರಾದರೂ ಕೇಳಿಯಾರು ಅಂದುಕೊಂಡೆ. ಬೈಕಿನವನು ನನ್ನ ಕಡೆ ಮರುಕದಿಂದ ನೋಡಿ, "ಪಾಪ, ಅಮ್ಮೋರು ಗಾಬ್ರಿಯಾಗವ್ರೆ. ನೀರು ಕೊಡ್ರಿ, ನೆಳ್ಳಿಗೆ ಕುಂಡ್ರಿಸ್ರಿ" ಎಂದ. ಯಾರೋ ನಿಜಕ್ಕೂ ನೀರಿನ ಬಾಟಲಿ ತಂದು ನನ್ನ ಕೈಯಲ್ಲಿಟ್ಟರು.

ಇವರು ಕಾರಿಗೆ ಒರಗಿ ನಿಂತಿದ್ದರು. ಆಗ ಒಂದು ಹೆಂಗಸಿನ ದನಿ, "ನಾನು ಕೈ ಬೀಸ್ದೆ ಸಾಮಿ. ಕೈ ಬೀಸ್ತಾನೇ ಇದ್ದೆ, ನೀವು ಬರ್ತಾನೇ ಇದ್ರಿ" ಎಂದಿತು. ಕುರಿ ಕಾಯುವವನ ಹೆಂಡತಿ. ಇವರಿಗೆ ನೇರ ಎದುರಿಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದಳು. ಕೆಂಪು ಸೀರೆ, ಬೆಳಗಿನ ಬಿಸಿಲು ಅವಳ ಮೇಲೇ ಬಿದ್ದಿತ್ತು.

ಇವರು ದನಿ ಬಂದ ಕಡೆ ಮುಖ ಎತ್ತಿದರು. ಕತ್ತು ಓರೆ ಮಾಡಿದರು, ಆ ಕಡೆ, ಈ ಕಡೆ. ಮೆಲ್ಲಗೆ ಕೇಳಿದರು.

"ಎಲ್ಲಿ ನಿಂತಿದ್ದೆ ತಾಯಿ ನೀನು?"

"ರೋಡಿನ ಮಧ್ಯದಾಗೆ, ಕುರಿ ಹಿಂದೆ. ಸ್ವಲ್ಪದ್ರಾಗೆ ಪಕ್ಕಕ್ಕೆ ಹಾರಿದೆ."

"ಈಗ ಎಲ್ಲಿದೀಯ?"

ಅವಳು ಗಂಡನ ಮುಖ ನೋಡಿದಳು. ಸುತ್ತಲಿದ್ದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲೇ ಇದೀನಲ್ಲ ಸಾಮಿ, ನಿಮ್ಮ ಮುಂದೇನೇ" ಎಂದಳು.

ಇವರು ಮೋಡ ಮುಸುಕಿದ ಕಣಿವೆಯಲ್ಲಿ ಎಂಜಿನ್ ಕೆಟ್ಟ ವಿಮಾನ ಇಳಿಸಿ ಬಂದ ದಿನವೂ ಮನೆಯಲ್ಲಿ ಕಾಫಿ ಲೋಟ ಅಲುಗದಂತೆ ಹಿಡಿದಿದ್ದರು. ಈಗ ಜೇಬಿನಿಂದ ಬೀಗದ ಕೈ ತೆಗೆಯಲು ತಡಕಾಡಿದರು. ತೆಗೆದು ನನ್ನ ಕಡೆ ಚಾಚಿದರು. ನನಗೋ ಕಾರು ಬಿಡಲು ಬರುವುದಿಲ್ಲ. ಕುರಿಗೆ ಕೊಡಬೇಕಾದ್ದನ್ನು ಕೊಟ್ಟೆವು, ಅದನ್ನು ತೆಗೆದುಕೊಳ್ಳಲೂ ಅವನು ಹಿಂಜರಿದ. ಸನ್ಮಾನ ಇಟ್ಟುಕೊಂಡಿದ್ದ ಸಂಘದ ಕಾರ್ಯದರ್ಶಿಯೇ ಹುಡುಕಿಕೊಂಡು ಬಂದು ನಮ್ಮ ಕಾರನ್ನು ರಾಮಗಿರಿಯವರೆಗೆ ಓಡಿಸಿದ. ದಾರಿಯುದ್ದಕ್ಕೂ ಇವರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. "ಸನ್ಮಾನ ಬ್ಯಾಡ ಬಿಡ್ರಿ, ಮನೀಗೆ ಹೋಗಾಣ" ಎಂದೆ. ಬೇಡವೆಂದು ತಲೆಯಾಡಿಸಿದರು.

ಶಾಲೆಯ ಮೈದಾನ ತುಂಬಿತ್ತು. ಮತ್ತದೇ ಪೇಟ, ಅದೇ ಶಾಲು, ಅದೇ ಹದ್ದಿನ ಕಣ್ಣು, ಅದೇ ಶತ್ರು ವಿಮಾನ. ನನಗೆ ಎದ್ದು ಹೋಗಿ ಆ ಭಾಷಣಕಾರನ ಬಾಯಿಗೆ ಶಾಲು ತುರುಕಬೇಕು ಅನ್ನಿಸಿತು. ಇವರ ಸರದಿ ಬಂದಾಗ ಯಾರೋ ಮೈಕಿನ ಮುಂದೆ ಕರೆತಂದು ನಿಲ್ಲಿಸಿದರು.

"ನನಗೆ ಕಣ್ಣು ಕಾಣ್ಸಲ್ಲ" ಅಂದರು. "ನೇರಕ್ಕೆ ಇರೋದು ಯಾವುದೂ ಕಾಣ್ಸಲ್ಲ. ಬಾಳ ದಿನದಿಂದ ಹಿಂಗೇ ಐತೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಗಾಡಿ ಓಡಿಸ್ದೆ. ಇವತ್ತು ನಿಮ್ಮೂರಿನ ಹೆಣ್ಮಗಳೊಬ್ಬಳು ನನ್ನ ಗಾಡಿಗೆ ಸಿಗಬೇಕಿತ್ತು. ಉಳಿದಿದ್ದು ಆಕೆ ಪುಣ್ಯ. ತಪ್ಪು ನಂದು. ಇನ್ನು ಗಾಡಿ ಮುಟ್ಟಲ್ಲ ನಾನು."

ಅಷ್ಟೇ ಹೇಳಿದ್ದು. ಆಮೇಲೆ ಯಾರೋ ಒಬ್ಬ ಚಪ್ಪಾಳೆ ಹೊಡೆದ. ಹಿಂದೆಯೇ ಇನ್ನೊಬ್ಬ. ಆಮೇಲೆ ಇಡೀ ಮೈದಾನ! ಎದ್ದು ನಿಂತು ಚಪ್ಪಾಳೆ ಹೊಡೆದರು. "ಏನು ದೊಡ್ಡ ಮನಸ್ಸಪ್ಪ, ತಪ್ಪು ತಮ್ಮ ಮ್ಯಾಲೆ ಹಾಕ್ಕಂಡ್ರು ನೋಡು" ಎಂದು ನನ್ನ ಹಿಂದೆ ಕೂತವನು ಪಕ್ಕದವನಿಗೆ ಹೇಳುತ್ತಿದ್ದ. ಅಯ್ಯೋ, ಇದು ಭಾಷಣವಲ್ಲ ಕಣ್ರೋ! ಮುಖಂಡರು, ಮೇಷ್ಟ್ರು, ಎಲ್ಲರೂ ಸಾಲಾಗಿ ನಿಂತು ಕೈ ತಟ್ಟುತ್ತಿದ್ದರು. ಇವರು ಮೈಕು ಬಿಟ್ಟು ಹಿಂದೆ ಸರಿದದ್ದನ್ನು, ವೇದಿಕೆಯ ಅಂಚಿಗೆ ಬಂದು ಕಾಲಿನಿಂದ ತಡವುತ್ತ ನಿಂತದ್ದನ್ನು ಅಷ್ಟು ಜನರಲ್ಲಿ ಒಬ್ಬರೂ ಗಮನಿಸಲಿಲ್ಲ. ಕಣ್ಣು ಕಾಣಿಸುವುದಿಲ್ಲ ಎಂದು ಈಗಷ್ಟೇ ಹೇಳಿದ ಮನುಷ್ಯನಿಗೆ ಕೈ ಕೊಡಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಒಪ್ಪಿಕೊಳ್ಳಲಿ, ಒಂದು ಸಲ ಒಪ್ಪಿಕೊಳ್ಳಲಿ ಎಂದು ಎಷ್ಟು ದಿನದಿಂದ ಹಟ ಹಿಡಿದವಳು ನಾನು. ಒಪ್ಪಿಕೊಂಡಾಗ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಜನದ ಮೇಲೆ ಸಿಟ್ಟು, ಇವರ ಮೇಲೆ ಸಿಟ್ಟು, ಬಾಯಿ ಮುಚ್ಚಿಕೊಂಡು ಬೆಟ್ಟ ನೋಡುತ್ತ ಕೂತ ನನ್ನ ಮೇಲೂ ಸಿಟ್ಟು.

ಇವರು ಅಂಚಿನಲ್ಲಿ ನಿಂತು, ಕತ್ತು ಓರೆ ಮಾಡಿ, ಆ ಜನದಲ್ಲಿ ನನ್ನನ್ನು ಹುಡುಕಿದರು. ನಾನು ಮೊದಲ ಸಾಲಿನಲ್ಲೇ, ನೇರ ಎದುರಿಗೇ ಇದ್ದೆ.

"ಎಲ್ಲಿದೀಯೇ?" ಎಂದರು. "ಮೆಟ್ಲು ಎಲ್ಲೈತೆ ಹೇಳು ಬಾ."

"ಅಲ್ಲೇ ನಿಂತಿರ್ರಿ! ಒಂದು ಹೆಜ್ಜೇನೂ ಇಡಬ್ಯಾಡ್ರಿ, ಬಂದೆ!" ಎಂದು ಆ ಚಪ್ಪಾಳೆಯನ್ನೆಲ್ಲ ಮೀರಿಸಿ ಕೂಗಿ, ಕುರ್ಚಿಗಳನ್ನು ತಳ್ಳಿಕೊಂಡು ಓಡಿದೆ.